ವಿದ್ಯಾರ್ಥಿಯ ಸಾಕ್ಷ್ಯ: ಮನಶ್ಶಾಸ್ತ್ರ ಬೋಧನೆಯ ಚರಿತ್ರೆಗೆ ಒಂದು ಆಕರ

ನಮ್ಮ ವಿಶ್ವವಿದ್ಯಾಲಯಗಳ ಚರಿತ್ರೆಯನ್ನು ಬರೆದವರು ಕಾಯಿದೆಗಳನ್ನೂ ಉಪಕುಲಪತಿಗಳ ಅಧಿಕಾರಾವಧಿಯನ್ನೂ ಕಟ್ಟಡಗಳ ಶಂಕುಸ್ಥಾಪನೆಯನ್ನೂ ಸವಿವರವಾಗಿ ದಾಖಲಿಸಿರುವರು. ಪಾಠ ಹೇಳಿದವರ ಹೆಸರುಗಳು ವಾರ್ಷಿಕ ವರದಿಗಳಲ್ಲಿ ದೊರೆಯುತ್ತವೆ. ಉತ್ತೀರ್ಣರಾದವರ ಸಂಖ್ಯೆ ಪರೀಕ್ಷಾ ವಿಭಾಗದ ಕಡತಗಳಲ್ಲಿ ದೊರೆಯುತ್ತದೆ. ಆದರೆ ಪಾಠವನ್ನು ಕೇಳಿದವನು ಅದೇ ವರ್ಷ, ಅದೇ ಬೆಂಚಿನ ಮೇಲೆ ಕುಳಿತು, ಆ ಪಾಠದ ವಿಷಯದಲ್ಲಿ ಏನೆಂದುಕೊಂಡನು ಎಂಬುದಕ್ಕೆ ಆಧಾರ ದೊರೆಯುವುದು ಬಲು ಅಪರೂಪ. ಈ ಕೊರತೆ ಎಲ್ಲ ವಿಷಯಗಳಿಗೂ ಸಮಾನವಾದುದೇ. ಮನಶ್ಶಾಸ್ತ್ರದ ಮಟ್ಟಿಗೆ ಮಾತ್ರ ಅದು ವಿಚಿತ್ರವಾಗಿ ತೋರುತ್ತದೆ. ಏಕೆಂದರೆ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಆತನ ಅನುಭವವನ್ನು ಕೇಳಿ ಬರೆದುಕೊಳ್ಳುವುದೇ ಆ ಶಾಸ್ತ್ರದ ಕಸುಬು. ಇಂಥ ಶಾಸ್ತ್ರವು ತನ್ನ ವಿದ್ಯಾರ್ಥಿಯನ್ನು ತನ್ನ ಬೋಧನೆಯ ಬಗೆಗೆ ಯಾವಾಗ ಕೇಳಿತು, ಹೇಗೆ ಕೇಳಿತು, ದೊರೆತ ಉತ್ತರವನ್ನು ಏನು ಮಾಡಿತು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಕರ್ನಾಟಕದಲ್ಲಿ ಮನಶ್ಶಾಸ್ತ್ರಕ್ಕೆ ವಿಶ್ವವಿದ್ಯಾಲಯದಲ್ಲಿ ಸ್ವತಂತ್ರ ವಿಭಾಗವು ಏರ್ಪಟ್ಟುದು 1924ರಲ್ಲಿ, ಮೈಸೂರಿನಲ್ಲಿ. 1916ರಲ್ಲಿ ಸ್ಥಾಪಿತವಾದ ಆ ವಿಶ್ವವಿದ್ಯಾಲಯಕ್ಕೆ ಆಗ ಬ್ರಜೇಂದ್ರನಾಥ ಸೀಲರು ಉಪಕುಲಪತಿಗಳಾಗಿದ್ದರು. ಕಲ್ಕತ್ತೆಯಲ್ಲಿ 1905ರಷ್ಟು ಹಿಂದೆಯೇ ಪ್ರಾಯೋಗಿಕ ಮನಶ್ಶಾಸ್ತ್ರಕ್ಕೆ ಪಠ್ಯಕ್ರಮದ ಕರಡನ್ನು ಸಿದ್ಧಪಡಿಸಿದವರು ಅವರೇ. ಮೈಸೂರಿನ ವಿಭಾಗವನ್ನು ಕಟ್ಟಿ ಬೆಳೆಸಿದವರು ಎಂ. ವಿ. ಗೋಪಾಲಸ್ವಾಮಿಯವರು. ಲಂಡನ್ನಿನಲ್ಲಿ ಬುದ್ಧಿಶಕ್ತಿಯ ಸಿದ್ಧಾಂತಕ್ಕೆ ಹೆಸರಾದ ಚಾರ್ಲ್ಸ್ ಸ್ಪಿಯರ್‌ಮನ್ನರ ಕೈಕೆಳಗೆ ವ್ಯಾಸಂಗ ಮಾಡಿ ಬಂದ ಅವರು ಮಹಾರಾಜಾ ಕಾಲೇಜಿನಲ್ಲಿ ಪ್ರಯೋಗಶಾಲೆಯನ್ನು ನಡೆಯಿಸಿದರು. 1935ರಲ್ಲಿ ತಮ್ಮ ಮನೆಯಲ್ಲಿಯೇ 'ಆಕಾಶವಾಣಿ'ಯೆಂಬ ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಇವರೇ. ಆ ಕೆಲಸದಲ್ಲಿ ಅವರಿಗೆ ನೆರವಾದವರು ಇತಿಹಾಸದ ಅಧ್ಯಾಪಕರಾಗಿದ್ದ ನಾ. ಕಸ್ತೂರಿಯವರು. ಇಂದು ಜನಸಾಮಾನ್ಯರು ಗೋಪಾಲಸ್ವಾಮಿಯವರನ್ನು ನೆನೆಯುವುದು ಬಾನುಲಿಗಾಗಿಯೇ ಹೊರತು ಮನಶ್ಶಾಸ್ತ್ರಕ್ಕಾಗಿ ಅಲ್ಲ. ಕೇಳುಗರು ಸಾವಿರಾರು; ತರಗತಿಯಲ್ಲಿ ಕುಳಿತವರು ಬೆರಳೆಣಿಕೆಯವರು. ಅಧ್ಯಾಪಕನ ಕೀರ್ತಿಗೆ ತರಗತಿಯು ದುರ್ಬಲವಾದ ಆಧಾರವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇಲ್ಲಿ ನಮ್ಮ ಕಡೆಯ ವಿದ್ಯಾರ್ಥಿಯ ಸ್ಥಿತಿಯನ್ನು ನೆನೆಯಬೇಕು. ಸವಣೂರು ತಾಲೂಕಿನ ಯಲವಿಗಿಯು ಹುಬ್ಬಳ್ಳಿ-ಹರಿಹರ ರೈಲುಮಾರ್ಗದ ಮೇಲಿರುವ ಊರು. ದಕ್ಷಿಣಕ್ಕೆ ಹೊರಟ ಗಾಡಿಯು ಹಾವೇರಿ, ರಾಣೇಬೆನ್ನೂರುಗಳನ್ನು ಹಾದು ತುಂಗಭದ್ರೆಯನ್ನು ದಾಟಿದರೆ ಹರಿಹರ. ಅಲ್ಲಿಂದಾಚೆ ಮೈಸೂರು ಸಂಸ್ಥಾನದ, ಅನಂತರ ಮೈಸೂರು ರಾಜ್ಯದ ಸೀಮೆ. ಉತ್ತರಕ್ಕೆ ಹೊರಟ ಗಾಡಿಯು ಹುಬ್ಬಳ್ಳಿಗೆ, ಅಲ್ಲಿಂದ ಧಾರವಾಡಕ್ಕೆ ಒಯ್ಯುತ್ತಿದ್ದಿತು. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು ಅಲ್ಲಿದ್ದರೂ ಪರೀಕ್ಷೆಯು ಮುಂಬಯಿ ವಿಶ್ವವಿದ್ಯಾಲಯದ್ದು, ಪ್ರಶ್ನಪತ್ರಿಕೆಯೂ ಅಲ್ಲಿಯದೇ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಜನ್ಮತಾಳಿ ಮರುವರ್ಷ ಧಾರವಾಡಕ್ಕೆ ಬರುವವರೆಗೆ ಇದೇ ವ್ಯವಸ್ಥೆ. ಒಂದೇ ನಿಲ್ದಾಣದಿಂದ ಎರಡು ದಿಕ್ಕಿಗೆ ಎರಡು ವಿದ್ಯಾಲೋಕಗಳು. ಎರಡರಲ್ಲಿಯೂ ಪಾಠದ ಭಾಷೆ ಮಾತ್ರ ಇಂಗ್ಲಿಷು.

ಮನಶ್ಶಾಸ್ತ್ರವು ಧಾರವಾಡದ ಸೀಮೆಗೆ ಬಂದ ದಾರಿ ಬೇರೆ. ಇಲ್ಲಿ ಅದು ಮೊದಲು ತನ್ನ ಗುರುತನ್ನು ಮೂಡಿಸಿದುದು ಮಕ್ಕಳ ಬುದ್ಧಿಮಾಪನದ ರೂಪದಲ್ಲಿ. ವಿ. ವಿ. ಕಾಮತರು ಫ್ರಾನ್ಸಿನ ಬಿನೆಯವರ ಪರೀಕ್ಷೆಗಳನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಒಗ್ಗುವಂತೆ ಪರಿಷ್ಕರಿಸಿದರು. ಬಾಂಬೆ-ಕರ್ನಾಟಕ ಪರಿಷ್ಕರಣವೆಂದೇ ಅದು ಪ್ರಸಿದ್ಧವಾಯಿತು. ಅದರ ವೃತ್ತಾಂತವು 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನಶ್ಶಾಸ್ತ್ರ ಪತ್ರಿಕೆಯಲ್ಲಿಯೂ ಗ್ರಂಥವು 1940ರಲ್ಲಿಯೂ ಪ್ರಕಟವಾದವು. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಿಂದ ಅದು ಭಾರತದ ಚಿಕಿತ್ಸಾಲಯಗಳಲ್ಲಿ ಹಲವು ದಶಕಗಳ ಕಾಲ ಬಳಕೆಯಲ್ಲಿದ್ದಿತು. ಈ ಕಾರ್ಯದ ಹಿರಿಮೆಯನ್ನು ಒಪ್ಪಿಕೊಂಡೇ ಒಂದು ಮಾತನ್ನು ಹೇಳಬೇಕಾಗಿದೆ. ಇಲ್ಲಿ ಮಗುವನ್ನು ಕನ್ನಡದಲ್ಲಿ ಪ್ರಶ್ನಿಸಿದರು, ಅದರ ಉತ್ತರವನ್ನು ಎಚ್ಚರಿಕೆಯಿಂದ ಬರೆದುಕೊಂಡರು. ಆ ಉತ್ತರಗಳಿಂದ ಅಳೆದದ್ದು ಮಗುವನ್ನು. ಮಗುವಿಗೆ ದೊರೆತ ಬೋಧನೆಯನ್ನು ಅಳೆಯುವುದಕ್ಕೆ ಅಂಥ ಪ್ರಶ್ನೆಗಳು ಹೊರಡಲಿಲ್ಲ. ಕಲಿಯುವವನು ಅಳೆಯಲ್ಪಡುವವನೇ ಹೊರತು ಅಳೆಯುವವನಲ್ಲವೆಂಬ ಭಾವನೆಯು ಆ ಕಾಲದಲ್ಲಿ ಸಹಜವಾಗಿಯೇ ಇದ್ದಿತು.

ಇದಕ್ಕೆ ಒಂದು ಅಪವಾದವುಂಟು. ಅದು ಪ್ರಯೋಗಶಾಲೆಯ ಒಳಗೇ ಅಡಗಿದೆ. ಪದವಿ ತರಗತಿಯ ಮನಶ್ಶಾಸ್ತ್ರದ ಪ್ರಾಯೋಗಿಕ ಪಾಠವನ್ನು ನೋಡಿದವರಿಗೆ ಅದರ ಕ್ರಮ ಗೊತ್ತು. ಇಬ್ಬಿಬ್ಬರು ವಿದ್ಯಾರ್ಥಿಗಳು ಜೋಡಿಯಾಗಿ ಕೂರುವರು. ಒಬ್ಬನು ಪ್ರಯೋಗ ನಡೆಯಿಸುವವನು, ಇನ್ನೊಬ್ಬನು ಪ್ರಯೋಗಕ್ಕೆ ಒಳಗಾಗುವವನು. ಮುಂದಿನ ಸಲ ಪಾತ್ರಗಳು ಅದಲುಬದಲಾಗುವವು. ಉದಾಹರಣೆಗೆ ಕನ್ನಡಿಯ ಪ್ರಯೋಗವನ್ನು ತೆಗೆದುಕೊಳ್ಳಬಹುದು. ಕಾಗದದ ಮೇಲೆ ನಕ್ಷತ್ರದ ಆಕೃತಿಯಿರುತ್ತದೆ. ಕೈ ನೇರವಾಗಿ ಕಾಣದಂತೆ ಅಡ್ಡತೆರೆಯಿರುತ್ತದೆ. ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬವನ್ನು ನೋಡುತ್ತಲೇ ನಕ್ಷತ್ರದ ಅಂಚಿನ ಗುಂಟ ಸೀಸದಕಡ್ಡಿಯನ್ನು ನಡೆಯಿಸಬೇಕು. ಮೊದಲ ಸಲ ಕೈ ಮುಂದಕ್ಕೆ ಹೋಗೆಂದರೆ ಹಿಂದಕ್ಕೆ ಬರುತ್ತದೆ. ಕೆಲವು ಸಲದ ಅಭ್ಯಾಸದಿಂದ ಗೆರೆ ತಿದ್ದಿಕೊಳ್ಳುತ್ತದೆ. ತೆಗೆದುಕೊಂಡ ಸೆಕೆಂಡುಗಳನ್ನೂ ತಪ್ಪುಗಳನ್ನೂ ಕೋಷ್ಟಕದಲ್ಲಿ ತುಂಬಿದ ಮೇಲೆ ದಾಖಲೆ ಪುಸ್ತಕದಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಜರ್ನಲ್ಲಿನಲ್ಲಿ, ಅಂತರವಲೋಕನದ ವರದಿಯೆಂಬ ಒಂದು ಶೀರ್ಷಿಕೆ ಬರುತ್ತದೆ. ಪ್ರಯೋಗಕ್ಕೆ ಒಳಗಾದವನು ತನಗೆ ಆ ಹೊತ್ತಿನಲ್ಲಿ ಏನೆನಿಸಿತು, ಎಲ್ಲಿ ಬೇಸರವಾಯಿತು, ಯಾವಾಗ ಉಪಾಯ ಹೊಳೆಯಿತು ಎಂಬುದನ್ನು ತನ್ನ ಮಾತಿನಲ್ಲಿ ಹೇಳಬೇಕು. ಜೊತೆಗಾರನು ಅದನ್ನು ಬರೆದುಕೊಳ್ಳಬೇಕು.

ಇತಿಹಾಸಕಾರರ ದೃಷ್ಟಿಯಿಂದ ನೋಡಿದರೆ ಇದು ಅಮೂಲ್ಯವಾದ ಆಕರ. ಬೇರೆ ಯಾವ ವಿಷಯದ ದಾಖಲೆ ಪುಸ್ತಕದಲ್ಲಿಯೂ ವಿದ್ಯಾರ್ಥಿಯ ಅನುಭವಕ್ಕೆ ಹೀಗೆ ಅಧಿಕೃತವಾದ ಸ್ಥಾನವಿಲ್ಲ. ರಸಾಯನಶಾಸ್ತ್ರದವನು ದ್ರಾವಣವು ಕೆಂಪಾಯಿತೆಂದು ಬರೆಯಬಹುದು, ತನಗೆ ಬೇಸರವಾಯಿತೆಂದು ಬರೆಯುವಂತಿಲ್ಲ. ಈ ವರದಿಗಳೆಲ್ಲ ಪ್ರಾಮಾಣಿಕವಾಗಿದ್ದವೆಂದು ನಾವು ಭಾವಿಸಬೇಕಾಗಿಲ್ಲ. ಹಿಂದಿನ ವರ್ಷದವನ ಜರ್ನಲ್ಲಿನಿಂದ ಇಳಿಸಿಕೊಂಡವೂ ಅವುಗಳಲ್ಲಿ ಇದ್ದೇ ಇರುತ್ತವೆ. ಹಾಗೆ ಇಳಿಸಿಕೊಂಡುದೂ ಒಂದು ಸಾಕ್ಷ್ಯವೇ ಆಗಿದೆ. ಪ್ರಯೋಗವು ಎಲ್ಲಿ ಜೀವ ಕಳೆದುಕೊಂಡು ಬರಿಯ ವಿಧಿಯಾಯಿತೆಂಬುದನ್ನು ಅದು ತೋರಿಸುತ್ತದೆ. ಯಲವಿಗಿ, ಸವಣೂರುಗಳ ಕಡೆಯಿಂದ ಧಾರವಾಡಕ್ಕೆ ಹೋಗಿ ಈ ವಿಷಯವನ್ನು ಓದಿಬಂದ ಕೆಲವು ಹಿರಿಯರನ್ನು ನಾವು ಮಾತನಾಡಿಸಿದಾಗ ಒಂದು ಅಂಶ ಮತ್ತೆ ಮತ್ತೆ ಕಾಣಿಸಿತು. ಸಿದ್ಧಾಂತದ ಪಾಠಗಳನ್ನು ಅವರು ಇಂಗ್ಲಿಷಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದರು. ಅವುಗಳಲ್ಲಿ ಈಗ ಉಳಿದಿರುವುದು ಕೆಲವು ಹೆಸರುಗಳು ಮಾತ್ರ. ಕನ್ನಡಿಯ ಪ್ರಯೋಗವನ್ನಾದರೋ ಇಂದಿಗೂ ಕನ್ನಡದಲ್ಲಿ, ಕೈಸನ್ನೆ ಸಹಿತವಾಗಿ, ವಿವರಿಸಬಲ್ಲರು. ಬೋಧನೆಯ ಬಗೆಗೆ ಇದಕ್ಕಿಂತ ಸ್ಪಷ್ಟವಾದ ಅಭಿಪ್ರಾಯವನ್ನು ಯಾವ ನಮೂನೆಯ ಮೇಲೂ ಅವರು ಬರೆದುಕೊಟ್ಟಿರಲಾರರು. ಆ ಜರ್ನಲ್ಲುಗಳು ಎಲ್ಲಿವೆಯೆಂದು ಕೇಳಿದರೆ ಮಾತ್ರ ಉತ್ತರ ಒಂದೇ: ಪರೀಕ್ಷೆ ಮುಗಿದ ಮೇಲೆ ರದ್ದಿಗೆ ಹೋದವು.

ಸಮಕಾಲೀನ ಸಾಕ್ಷ್ಯವು ಹೀಗೆ ನಾಶವಾದಾಗ ಚರಿತ್ರಕಾರನಿಗೆ ಉಳಿಯುವುದು ಆತ್ಮಕಥೆಗಳು. ಮಹಾರಾಜಾ ಕಾಲೇಜಿನ ಮಟ್ಟಿಗೆ ಕನ್ನಡವು ಭಾಗ್ಯಶಾಲಿ. ಕುವೆಂಪು ಅವರ 'ನೆನಪಿನ ದೋಣಿಯಲ್ಲಿ', ಎಸ್. ಎಲ್. ಭೈರಪ್ಪನವರ 'ಭಿತ್ತಿ' ಇವೆರಡೂ ಅಲ್ಲಿ ತತ್ತ್ವಶಾಸ್ತ್ರವನ್ನು ಓದಿದವರ ಬರವಣಿಗೆಗಳು. ಇಂಗ್ಲಿಷಿನಲ್ಲಿ ಅದೇ ಕಾಲೇಜಿನ ಪದವೀಧರರಾದ ಆರ್. ಕೆ. ನಾರಾಯಣರು 1937ರ ತಮ್ಮ ಕಾದಂಬರಿಯಲ್ಲಿ ಇತಿಹಾಸದ ವಿದ್ಯಾರ್ಥಿಯೊಬ್ಬನನ್ನೇ ನಾಯಕನನ್ನಾಗಿ ಮಾಡಿರುವರು. ಅದನ್ನು ಓದುವಾಗ ಇತಿಹಾಸದ ಅಧ್ಯಾಪಕರಾದ ನಮಗೆ ಒಂದಿಷ್ಟು ಮುಜುಗರವಾಗುವುದೂ ಉಂಟು. ಆದರೆ ಆತ್ಮಕಥೆಗೆ ಎರಡು ಮಿತಿಗಳಿವೆ. ಪಾಠ ಕೇಳಿದ ಹಲವು ದಶಕಗಳ ಮೇಲೆ ಅದು ಬರೆಯಲ್ಪಡುತ್ತದೆ, ಗೆದ್ದವರಿಂದ ಬರೆಯಲ್ಪಡುತ್ತದೆ. ಮೂರನೆಯ ವರ್ಗದಲ್ಲಿ ತೇರ್ಗಡೆಯಾಗಿ ಊರಿಗೆ ಮರಳಿದವನು ಆತ್ಮಕಥೆಯನ್ನು ಬರೆಯುವುದಿಲ್ಲ. ತರಗತಿಯಲ್ಲಿ ಹೆಚ್ಚಿನವರು ಅವರೇ ಆಗಿದ್ದರು.

ವಿದ್ಯಾರ್ಥಿಯನ್ನು ಕ್ರಮಬದ್ಧವಾಗಿ ಕೇಳುವ ಸಾಧನವು ಇಲ್ಲದಿದ್ದುದರಿಂದ ಹೀಗಾಯಿತೆಂದು ಹೇಳಲು ಬಾರದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಚ್. ಎಚ್. ರೆಮ್ಮರ್ಸ್ ಎಂಬ ಮನಶ್ಶಾಸ್ತ್ರಜ್ಞರು ಅಧ್ಯಾಪಕರಿಗಾಗಿಯೇ ಒಂದು ದರ್ಜಾಮಾಪನಿಯನ್ನು 1927ರ ಸುಮಾರಿಗೆ ರೂಪಿಸಿದ್ದರು. ವಿದ್ಯಾರ್ಥಿಗಳು ತಮ್ಮ ಗುರುವಿನ ಬೋಧನೆಗೆ ಅದರಲ್ಲಿ ಅಂಕ ಕೊಡಬೇಕಾಗಿತ್ತು. ಮೈಸೂರಿನ ವಿಭಾಗಕ್ಕೆ ಆಗ ಮೂರು ವರ್ಷದ ಪ್ರಾಯ. ಅಭಿಪ್ರಾಯವನ್ನು ಹಲವು ಮೆಟ್ಟಿಲುಗಳಲ್ಲಿ ಅಳೆಯುವ ರೆನ್ಸಿಸ್ ಲೈಕರ್ಟರ ವಿಧಾನವು 1932ರಲ್ಲಿ ಪ್ರಕಟವಾಯಿತು. ಇಂದು ಪ್ರತಿಯೊಂದು ಕಾಲೇಜಿನಲ್ಲಿಯೂ ಹಂಚಲಾಗುವ ಅಭಿಪ್ರಾಯ ಪತ್ರವು ಈ ಪರಂಪರೆಯದು. ಅದು ಮನಶ್ಶಾಸ್ತ್ರದ ಪ್ರಯೋಗಶಾಲೆಯ ಕೂಸು.

ಭಾರತದಲ್ಲಿ ಈ ಕೂಸು ಬೆಳೆದುದು ನಿಧಾನವಾಗಿ. 1964ರಿಂದ 1966ರವರೆಗೆ ಕಾರ್ಯ ಮಾಡಿದ ಕೊಠಾರಿ ಆಯೋಗವು ಪ್ರತಿ ವಿಭಾಗದಲ್ಲಿಯೂ ಪ್ರತಿ ಕಾಲೇಜಿನಲ್ಲಿಯೂ ಅಧ್ಯಾಪಕ-ವಿದ್ಯಾರ್ಥಿಗಳ ಜಂಟಿ ಸಮಿತಿಗಳಿರಬೇಕೆಂದು ಶಿಫಾರಸು ಮಾಡಿತು. ಅದು ಎದುರೆದುರು ಕುಳಿತು ಮಾತನಾಡುವ ಕ್ರಮ, ಅದರಲ್ಲಿ ಅಂಕಗಳಿಲ್ಲ. ಬೆಂಗಳೂರಿನಲ್ಲಿ 1994ರಲ್ಲಿ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು, ಅಂದರೆ ನ್ಯಾಕ್, ಸ್ಥಾಪಿತವಾದ ಮೇಲೆ ವಿದ್ಯಾರ್ಥಿಯ ಅಭಿಪ್ರಾಯವು ಕಡತಕ್ಕೆ ಬೇಕಾದ ವಸ್ತುವಾಯಿತು. 2017ರ ಪರಿಷ್ಕೃತ ಚೌಕಟ್ಟಿನಲ್ಲಿ ಪರಿಷತ್ತು ತಾನೇ ವಿದ್ಯಾರ್ಥಿ ಸಂತೃಪ್ತಿ ಸಮೀಕ್ಷೆಯನ್ನು ಜಾರಿಗೆ ತಂದಿತು. ಅದರಲ್ಲಿ ಇಪ್ಪತ್ತೊಂದು ಪ್ರಶ್ನೆಗಳಿದ್ದವು. ಇಪ್ಪತ್ತಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಇಪ್ಪತ್ತೊಂದನೆಯದಕ್ಕೆ ಮಾತ್ರ ವಾಕ್ಯಗಳಲ್ಲಿ ಉತ್ತರ. ಬೋಧನೆಯನ್ನು ಉತ್ತಮಪಡಿಸಲು ಮೂರು ಸಲಹೆಗಳನ್ನು ಅಲ್ಲಿ ವಿದ್ಯಾರ್ಥಿಯಿಂದ ಕೇಳಲಾಗಿದ್ದಿತು.

ಅಂಕಗಳ ಬಗೆಗೆ ಮನಶ್ಶಾಸ್ತ್ರವೇ ನಮ್ಮನ್ನು ಎಚ್ಚರಿಸಿದೆ. ಎಡ್ವರ್ಡ್ ಥಾರ್ನ್‌ಡೈಕರು 1920ರಲ್ಲಿಯೇ, ಸೈನ್ಯಾಧಿಕಾರಿಗಳ ಬಗೆಗೆ ಮೇಲಧಿಕಾರಿಗಳು ಕೊಟ್ಟ ಅಂಕಗಳನ್ನು ಪರಿಶೀಲಿಸಿ, ಒಂದು ಗುಣವನ್ನು ಮೆಚ್ಚಿದವನು ಮಿಕ್ಕ ಗುಣಗಳಿಗೂ ಹೆಚ್ಚು ಅಂಕ ಕೊಡುವನೆಂದು ತೋರಿಸಿದರು. ದೇವರ ವಿಗ್ರಹದ ಹಿಂದಿನ ಪ್ರಭಾವಳಿಯು ಮೂರ್ತಿಯ ಊನವನ್ನು ಮರೆಸುವಂತೆ ಇದು ನಡೆಯುತ್ತದೆ. 1973ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು ನಗೆಯನ್ನು ತರಿಸುವಂಥದು. ಒಬ್ಬ ನಟನನ್ನು ಡಾಕ್ಟರ್ ಫಾಕ್ಸ್ ಎಂಬ ಹೆಸರಿನಿಂದ ವೇದಿಕೆಯ ಮೇಲೆ ನಿಲ್ಲಿಸಿ ಅರ್ಥವಿಲ್ಲದ ಉಪನ್ಯಾಸವನ್ನು ಮಾಡಿಸಿದರು. ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಇದ್ದ ಸಭೆಯು ಅದನ್ನು ಮೆಚ್ಚಿಕೊಂಡಿತು. ಅಧ್ಯಾಪಕರ ಅರ್ಧ ನಿಮಿಷದ, ಧ್ವನಿಯಿಲ್ಲದ ಚಲಚ್ಚಿತ್ರವನ್ನು ನೋಡಿದ ಅಪರಿಚಿತರು ಕೊಟ್ಟ ಅಂಕಗಳಿಗೂ ಅರ್ಧವರ್ಷದ ಪಾಠ ಕೇಳಿದವರು ಕೊಟ್ಟ ಅಂಕಗಳಿಗೂ ಹೊಂದಾಣಿಕೆಯಿರುವುದನ್ನು ನಳಿನಿ ಅಂಬಾಡಿ ಮತ್ತು ರಾಬರ್ಟ್ ರೋಸೆಂಥಾಲರು 1993ರಲ್ಲಿ ತೋರಿಸಿದರು. ವಿದ್ಯಾರ್ಥಿಯು ಕೊಡುವ ಅಂಕವನ್ನು ಬೋಧನೆಯ ಅಳತೆಯೆಂದು ತಿಳಿದು ಒಬ್ಬ ಅಧ್ಯಾಪಕನ ಬಡ್ತಿಯನ್ನು ನಿರ್ಣಯಿಸುವುದು ಅನ್ಯಾಯವೇ ಸರಿ.

ಇಷ್ಟನ್ನು ಓದಿ ಕೆಲವು ಸಹೋದ್ಯೋಗಿಗಳು ಅಭಿಪ್ರಾಯ ಪತ್ರವನ್ನೇ ತಳ್ಳಿಹಾಕುವರು. ವಿದ್ಯಾರ್ಥಿಗೆ ಏನು ಗೊತ್ತು ಎಂಬುದು ಅವರ ಮಾತು. ಈ ಮಾತನ್ನು ನಾವು ಒಪ್ಪಲಾರೆವು. ಶಾಸನವನ್ನು ಕಂಡರಿಸಿದವನು ರಾಜನನ್ನು ಹೊಗಳಿದ್ದಾನೆಂಬ ಕಾರಣಕ್ಕೆ ಇತಿಹಾಸಕಾರನು ಶಾಸನವನ್ನು ಎಸೆಯುವುದಿಲ್ಲ. ಹೊಗಳಿಕೆಯನ್ನು ಬದಿಗಿಟ್ಟು, ದತ್ತಿ ಕೊಟ್ಟ ಭೂಮಿಯ ಎಲ್ಲೆಯನ್ನು ಓದುತ್ತಾನೆ. ಅಭಿಪ್ರಾಯ ಪತ್ರದಲ್ಲಿ ಅಂಕಗಳು ಪ್ರಶಸ್ತಿಯ ಭಾಗ. ವಾಕ್ಯಗಳು ಎಲ್ಲೆಯ ಭಾಗ. ಉಪಕರಣ ಒಂದೇ ಇದ್ದುದರಿಂದ ತನ್ನ ಸರದಿ ಬರಲಿಲ್ಲವೆಂದೋ, ಟಿಪ್ಪಣಿಯನ್ನು ಓದಿಸಿ ಬರೆಸಿದರೇ ಹೊರತು ವಿವರಿಸಲಿಲ್ಲವೆಂದೋ, ಸಂಜೆಯ ಗಾಡಿ ತಪ್ಪುವುದರಿಂದ ಕೊನೆಯ ಪ್ರಾಯೋಗಿಕ ತರಗತಿಗೆ ಕೂರಲಾಗದೆಂದೋ ಒಬ್ಬನು ಬರೆದರೆ, ಅದರಲ್ಲಿ ಪ್ರಭಾವಳಿಗೆ ಎಡೆಯಿಲ್ಲ. ಅಂಥ ಮಾತನ್ನು ಉಪಕರಣಗಳ ಪಟ್ಟಿಯೊಡನೆ, ವೇಳಾಪಟ್ಟಿಯೊಡನೆ, ರೈಲಿನ ಸಮಯದೊಡನೆ ತಾಳೆ ನೋಡಬಹುದು.

ಆದರೆ ಆಚರಣೆಯಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಅಂಕಗಳನ್ನು ಕೂಡಿಸಿ ಸರಾಸರಿ ತೆಗೆದು ಬಣ್ಣದ ನಕ್ಷೆಯಾಗಿ ಕಡತದಲ್ಲಿ ಇಡುವರು. ವಾಕ್ಯಗಳಿಗೆ ಕೋಷ್ಟಕದಲ್ಲಿ ಜಾಗವಿಲ್ಲ. ಅವು ಕನ್ನಡದಲ್ಲಿದ್ದರಂತೂ ಇಂಗ್ಲಿಷಿನ ವರದಿಯೊಳಗೆ ಅವುಗಳ ಪ್ರವೇಶವೇ ಕಷ್ಟ. ನಾವು ನೋಡಿದ ಪತ್ರಗಳಲ್ಲಿ ವಿದ್ಯಾರ್ಥಿಗಳು ಅಚ್ಚಾದ ಇಂಗ್ಲಿಷ್ ಪ್ರಶ್ನೆಗಳಿಗೆ ಗುರುತು ಹಾಕಿ, ಕೊನೆಯ ಖಾಲಿ ಜಾಗಕ್ಕೆ ಬಂದೊಡನೆ ಕನ್ನಡಕ್ಕೆ ತಿರುಗಿರುವುದುಂಟು. ಮನಶ್ಶಾಸ್ತ್ರದ ಪದಗಳಿಗೆ ತಮಗೆ ತಿಳಿದ ಕನ್ನಡವನ್ನು ಕೊಟ್ಟು, ಪಾಠವು ಆ ಮಾತಿನಲ್ಲಿ ನಡೆಯಬಾರದೇಕೆಂದು ಕೇಳಿದವರೂ ಇದ್ದಾರೆ. ಮೈಸೂರಿನ 1924ರ ವಿದ್ಯಾರ್ಥಿಯೂ ಇದನ್ನು ಕೇಳಿದ್ದಿರಬಹುದೇ ಎಂದು ವಿಚಾರಿಸಲು ಹೊರಟವನಿಗೆ ಒಂದು ಚೂರು ಕಾಗದವೂ ಸಿಗುವುದು ದುರ್ಲಭ. 2024ರ ವಿದ್ಯಾರ್ಥಿಯ ವಿಷಯದಲ್ಲಿಯೂ ಹಾಗಾಗಬೇಕೆಂದೇನೂ ಇಲ್ಲ. ಪತ್ರಿಕೆಯ ಹೆಸರು, ವರ್ಷ, ಅರ್ಧವರ್ಷ ಇವನ್ನು ಮೇಲೆ ಬರೆದು, ವಿದ್ಯಾರ್ಥಿಯ ಹೆಸರನ್ನು ಕೈಬಿಟ್ಟು, ಆ ವಾಕ್ಯಗಳ ಹಾಳೆಗಳನ್ನೂ ಪ್ರತಿ ತಂಡದಿಂದ ನಾಲ್ಕಾರು ಜರ್ನಲ್ಲುಗಳನ್ನೂ ವಿಭಾಗದ ಗ್ರಂಥಾಲಯದಲ್ಲಿ ಕಟ್ಟಿಡುವಂತಾಗಬೇಕು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಮನೆಗಳ ಅಟ್ಟದ ಮೇಲೆ 1960-70ರ ದಶಕಗಳ ಜರ್ನಲ್ಲುಗಳು ಉಳಿದಿದ್ದರೆ, ಅವುಗಳ ಅಂತರವಲೋಕನದ ಪುಟಗಳ ನಕಲನ್ನಾದರೂ ಮಾಡಿಕೊಳ್ಳಲು ಮುಂದಿನ ಬೇಸಗೆಯ ರಜೆಯಲ್ಲಿ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳೊಡನೆ ಯಲವಿಗಿಯಿಂದ ಆರಂಭಿಸಿ ಸಂಚರಿಸಲು ಯೋಚಿಸಿದ್ದೇವೆ.