ಬಿಎಂಐ 40: ಆ ಗೆರೆ ಎಳೆದವರು ಯಾರು?

ಇವತ್ತಿನ ಎಪಿಸೋಡ್ ಸ್ವಲ್ಪ ಪರ್ಸನಲ್. ನನ್ನ ತೂಕ 118 ಕೆಜಿ, ಎತ್ತರ 170 ಸೆಂಟಿಮೀಟರ್. ಲೆಕ್ಕ ಹಾಕಿದ್ರೆ ಬಿಎಂಐ 40.8. ಹೋದ ತಿಂಗಳು ಒಬ್ಬ ಡಾಕ್ಟರ್ ಆ ನಂಬರ್ ನೋಡಿದ್ರು, ನನ್ನ ಮುಖ ನೋಡಿದ್ರು, "ನೀವು ಸರ್ಜರಿಗೆ ಎಲಿಜಿಬಲ್" ಅಂದ್ರು. ಒಟ್ಟು ನಾಲ್ಕು ನಿಮಿಷ. ಹೊರಗೆ ಬಂದು ಆಟೋ ಹತ್ತಿದಾಗ ತಲೆಯಲ್ಲಿ ಒಂದೇ ಪ್ರಶ್ನೆ: ಈ 40 ಎಲ್ಲಿಂದ ಬಂತು?

ಹುಡುಕ್ತಾ ಹೋದೆ. ಕಥೆ ಶುರುವಾಗೋದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ. 1954ರಲ್ಲಿ ಅಲ್ಲಿನ ಕ್ರೆಮೆನ್, ಲಿನರ್ ಮತ್ತವರ ಜೊತೆಗಾರರು ನಾಯಿಗಳ ಮೇಲಿನ ಪ್ರಯೋಗಗಳನ್ನು ಪ್ರಕಟಿಸಿದರು. ಸಣ್ಣಕರುಳಿನ ಯಾವ ಭಾಗ ತಪ್ಪಿಸಿದರೆ ದೇಹ ಏನನ್ನು ಹೀರಿಕೊಳ್ಳಲ್ಲ ಅನ್ನೋದು ಅವರ ಪ್ರಶ್ನೆ. ಅದೇ ಐಡಿಯಾ ಮುಂದೆ ಮನುಷ್ಯರಿಗೆ ಬಂತು. 60ರ ದಶಕದ ಕೊನೆಗೆ ಲಾಸ್ ಏಂಜಲಿಸ್‌ನ ಪೇನ್ ಮತ್ತು ಡಿವಿಂಡ್ ಒಂದು ಅಳತೆಯನ್ನೇ ಗೊತ್ತು ಮಾಡಿದರು: ಸಣ್ಣಕರುಳಿನ ಮೊದಲ ಭಾಗದ 14 ಇಂಚು, ಕೊನೆಯ 4 ಇಂಚು. ಮಧ್ಯದ ಅಷ್ಟೂ ಕರುಳು ಹೊಟ್ಟೆಯೊಳಗೇ ಇರುತ್ತೆ, ಆದ್ರೆ ಊಟ ಆ ದಾರಿಯಲ್ಲಿ ಹೋಗಲ್ಲ. ಮೀಟರುಗಟ್ಟಲೆ ಉದ್ದದ ಕರುಳಿನಲ್ಲಿ ಕೆಲಸಕ್ಕೆ ಉಳಿಯೋದು ಅರ್ಧ ಮೀಟರ್ ಕೂಡ ಇಲ್ಲ.

ತೂಕ ಇಳೀತು. ಸಖತ್ತಾಗಿ ಇಳೀತು. ಸಾವಿರಾರು ಜನ ಮಾಡಿಸಿಕೊಂಡರು. ಆಮೇಲೆ ಬಿಲ್ ಬಂತು: ನಿಲ್ಲದ ಭೇದಿ, ಕಿಡ್ನಿ ಕಲ್ಲು, ಕೀಲುನೋವು, ಕೆಲವರಿಗೆ ಲಿವರ್ ಕೈಕೊಟ್ಟು ಸಾವು. ಎಷ್ಟೋ ಜನ ಮತ್ತೆ ಆಪರೇಷನ್ ಮಾಡಿಸಿ ಕರುಳನ್ನು ಮೊದಲಿನ ಹಾಗೆ ಜೋಡಿಸಿಕೊಳ್ಳಬೇಕಾಯ್ತು. 80ರ ದಶಕದ ಹೊತ್ತಿಗೆ ಆ ವಿಧಾನವನ್ನೇ ಕೈಬಿಟ್ಟರು. ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರೆಲ್ಲ ನನ್ನಂಥವರೇ ತಾನೇ? ಡಯಟ್ ಮಾಡಿ, ಸೋತು, ಮದುವೆ ಮನೆಯಲ್ಲಿ "ಸ್ವಲ್ಪ ಕಡಿಮೆ ತಿನ್ನು" ಅನ್ನಿಸಿಕೊಂಡವರು.

ಇನ್ನೊಂದು ದಾರಿ ಸಿಕ್ಕಿದ್ದು ಅಯೋವದಲ್ಲಿ. ಹೊಟ್ಟೆ ಹುಣ್ಣಿಗೆ ಜಠರದ ಭಾಗ ತೆಗೆಸಿಕೊಂಡವರು ಸಣ್ಣಗಾಗೋದನ್ನ ಎಡ್ವರ್ಡ್ ಮೇಸನ್ ಗಮನಿಸಿದ್ದರು. 1966ರಲ್ಲಿ ಅವರು ಗ್ಯಾಸ್ಟ್ರಿಕ್ ಬೈಪಾಸ್ ಶುರು ಮಾಡಿದರು. ಇವತ್ತಿನ ಬೈಪಾಸ್ ಅದರ ಮೊಮ್ಮಗ ಅನ್ನಬಹುದು.

ಈಗ 40ರ ವಿಷಯ. ಎತ್ತರ ಮತ್ತು ತೂಕದ ಈ ಸೂತ್ರ 1830ರ ದಶಕದ ಬೆಲ್ಜಿಯಂನ ಕೆಟ್ಲೆಯದು. ಅವರು ಡಾಕ್ಟರ್ ಅಲ್ಲ, ಗಣಿತ ಮತ್ತು ಖಗೋಳದವರು. 1972ರಲ್ಲಿ ಆ್ಯನ್ಸೆಲ್ ಕೀಸ್ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಅಂತ ಹೆಸರಿಟ್ಟರು. ಅವರೂ ಮಿನೆಸೋಟದವರೇ, ನೋಡಿ! ಅವರ ಲೆಕ್ಕದಲ್ಲಿದ್ದವರು ಐದು ದೇಶಗಳ ಗಂಡಸರು. 1991ರ ಮಾರ್ಚ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಗೆರೆ ಎಳೀತು: ಬಿಎಂಐ 40 ದಾಟಿದರೆ, ಅಥವಾ 35 ದಾಟಿ ಜೊತೆಗೆ ಗಂಭೀರ ಕಾಯಿಲೆ ಇದ್ದರೆ, ಸರ್ಜರಿ ಬಗ್ಗೆ ಯೋಚಿಸಬಹುದು.

"ಯೋಚಿಸಬಹುದು" ಅಷ್ಟೇ. ಅದೇ ಹೇಳಿಕೆಯಲ್ಲಿ ಇನ್ನೂ ಇತ್ತು: ರೋಗಿಗೆ ಲಾಭ, ಅಪಾಯ ಎರಡೂ ಸರಿಯಾಗಿ ಗೊತ್ತಿರಬೇಕು, ಹಲವು ವಿಭಾಗದ ತಜ್ಞರು ಸೇರಿ ನೋಡಬೇಕು, ಜೀವನಪೂರ್ತಿ ತಪಾಸಣೆ ಇರಬೇಕು. ನಂಬರ್ ಮಾತ್ರ ಫೇಮಸ್ ಆಯ್ತು. ಉಳಿದದ್ದು ನನ್ನ ಆ ನಾಲ್ಕು ನಿಮಿಷದಲ್ಲಿ ಬರಲೇ ಇಲ್ಲ.

ಹಾಗಂತ ಸರ್ಜರಿ ಮೋಸ ಅಂತ ಹೇಳೋಕೆ ಹೊರಟಿಲ್ಲ. 1995ರಲ್ಲಿ ನಾರ್ತ್ ಕ್ಯಾರೊಲಿನಾದ ವಾಲ್ಟರ್ ಪೋರಿಸ್ ತಂಡ ಬರೆದದ್ದು ಓದಿ ನಾನೇ ಬೆಚ್ಚಿಬಿದ್ದೆ: ಗ್ಯಾಸ್ಟ್ರಿಕ್ ಬೈಪಾಸ್ ಆದ 146 ಮಧುಮೇಹಿಗಳಲ್ಲಿ 121 ಜನರ ಶುಗರ್ ನಾರ್ಮಲ್. ಅದೂ ತೂಕ ಇಳಿಯೋಕೆ ಮುಂಚೆನೇ, ಕೆಲವೇ ದಿನಗಳಲ್ಲಿ ಸುಧಾರಿಸ್ತಿತ್ತು. ಸ್ವೀಡನ್‌ನಲ್ಲಿ 1987ರಿಂದ ಸುಮಾರು 4,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಅರ್ಧದಷ್ಟು ಜನ ಸರ್ಜರಿ ಆದವರು, ಉಳಿದವರು ಮಾಮೂಲಿ ಚಿಕಿತ್ಸೆಯವರು. 2007ರ ವರದಿಯಲ್ಲಿ ಸರ್ಜರಿ ಗುಂಪಿನ ಸಾವು ಕಡಿಮೆ. ಆದರೆ ಬೈಪಾಸ್ ಆದವರ ತೂಕ ಮೊದಲ ಒಂದೆರಡು ವರ್ಷದಲ್ಲಿ 32 ಪರ್ಸೆಂಟ್ ಇಳಿದದ್ದು, ಹತ್ತನೇ ವರ್ಷಕ್ಕೆ 25ಕ್ಕೆ ನಿಂತಿತ್ತು. ಅಂದ್ರೆ ಸ್ವಲ್ಪ ವಾಪಸ್ ಬರುತ್ತೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಜೀವನಪೂರ್ತಿ ಬೇಕು. ಬೈಪಾಸ್ ಆದವರಲ್ಲಿ ಕುಡಿತದ ಸಮಸ್ಯೆ ಹೆಚ್ಚೋದೂ ದಾಖಲಾಗಿದೆ.

2022ರಲ್ಲಿ ಸರ್ಜನ್‌ಗಳ ಎರಡು ದೊಡ್ಡ ಸಂಘಟನೆಗಳು ಗೆರೆಯನ್ನ 35ಕ್ಕೆ ಇಳಿಸಿದವು, ಕಾಯಿಲೆ ಇರಲಿ ಇಲ್ಲದಿರಲಿ. ನಮ್ಮಂಥ ಏಷ್ಯಾದವರಿಗೆ 27.5. ಕಡಿಮೆ ತೂಕಕ್ಕೇ ನಮಗೆ ಶುಗರ್ ಬರುತ್ತೆ ಅನ್ನೋದು ಕಾರಣ, ಅದು ನಿಜಾನೇ. ಆದ್ರೆ ನನ್ನ ಎತ್ತರಕ್ಕೆ ಅದು 80 ಕೆಜಿ ಆಸುಪಾಸು! ನಮ್ಮ ಆಫೀಸಿನ ಅರ್ಧ ಜನ ಬಂದುಬಿಡ್ತಾರೆ.

ನನಗೆ ಶುಗರ್ ಇದೆ, ನಿದ್ದೆಯಲ್ಲಿ ಉಸಿರು ನಿಲ್ಲುತ್ತೆ. ಅಪ್ಪ 52ಕ್ಕೆ ಹೋದರು. ಹಾಗಾಗಿ "ಬೇಡ" ಅನ್ನೋದೂ ನನಗೆ ಪುಕ್ಕಟೆ ಅಲ್ಲ. ಮುಂದಿನ ಮಂಗಳವಾರ ಬೇರೆ ಡಾಕ್ಟರ್ ಹತ್ರ ಹೋಗ್ತಿದ್ದೀನಿ, ಅಮ್ಮನೂ ಬರ್ತಾರೆ. ಫೋನ್‌ನಲ್ಲಿ ಪ್ರಶ್ನೆ ಬರೆದಿಟ್ಟುಕೊಂಡಿದ್ದೀನಿ: ಸ್ಲೀವ್ ಯಾಕೆ, ಬೈಪಾಸ್ ಯಾಕೆ? ಐದು ವರ್ಷ ಆದಮೇಲೆ ನಿಮ್ಮ ಪೇಷಂಟ್‌ಗಳು ಹೇಗಿದ್ದಾರೆ? ಅವರಲ್ಲಿ ಒಬ್ಬರ ಜೊತೆ ಮಾತಾಡಬಹುದಾ? ಹೊಸ ಇಂಜೆಕ್ಷನ್‌ಗಳನ್ನ ಮೊದಲು ನೋಡಬಹುದಾ?

ಏನಾಯ್ತು ಅಂತ ಬಂದು ಹೇಳ್ತೀನಿ.