ಸೂಜಿ ಕಲಿಸಿದ ದಾದಿ

ಮಕ್ಕಳ ಮಧುಮೇಹಕ್ಕೆ 1921ರವರೆಗೆ ಮದ್ದಿರಲಿಲ್ಲ. ಅನ್ನ ಕಡಿಮೆಮಾಡಿ ಸಾವನ್ನು ಕೆಲಕಾಲ ಮುಂದೂಡುವುದೇ ವೈದ್ಯರ ಉಪಾಯವಾಗಿತ್ತು. ಆ ವರ್ಷ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ ಅನ್ನು ಕಂಡುಹಿಡಿದರು. 1922ರ ಜನವರಿಯಲ್ಲಿ ಅದು 14 ವರ್ಷದ ಬಾಲಕನೊಬ್ಬನನ್ನು ಬದುಕಿಸಿತು.

ಮದ್ದೇನೋ ಸಿಕ್ಕಿತು, ದಿನದಿನವೂ ಸೂಜಿ ಹಾಕುವವರಾರು? ಬಾಸ್ಟನ್ನಿನ ವೈದ್ಯ ಜಾಸ್ಲಿನ್ ಇದಕ್ಕೆ ದಾದಿಯರನ್ನು ತರಬೇತುಗೊಳಿಸಿದರು. ಅವರು ಮನೆಮನೆಗೆ ಹೋಗಿ ಸೂಜಿಯನ್ನೂ ಊಟದ ಲೆಕ್ಕವನ್ನೂ ಕಲಿಸಿದರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಗೆ ಆ ಪಾಠ ಇಂದಿಗೂ ಬೇಕು. 1953ರಲ್ಲಿ ಮೈಸೂರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಬಿಸಿಲುನಾಡಿದು. ದೊಡ್ಡ ವೈದ್ಯರಿಗಾಗಿ ಬಳ್ಳಾರಿಗೋ ದಾವಣಗೆರೆಗೋ ಬಸ್ಸು ಹತ್ತಬೇಕು, ಹತ್ತಿರವಿರುವವರು ನರ್ಸಮ್ಮ. ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಸೀಸೆಯನ್ನು ಒದ್ದೆ ಮರಳಿನಲ್ಲಿಟ್ಟ ಮಣ್ಣಿನ ಕುಡಿಕೆಯೊಳಗೆ ತಂಪಾಗಿ ಇಡಬಹುದು. ಕೊಟ್ಟೂರ ತೇರಿಗೆ ನಡೆದು ಹೊರಟ ಮಗು ಬೆವೆತು ನಡುಗಿದರೆ ಒಡನೆ ಸಕ್ಕರೆ ತಿನ್ನಿಸಬೇಕು. ಜ್ವರ ಬಂದಾಗಲೂ ಇನ್ಸುಲಿನ್ ನಿಲ್ಲಿಸಬಾರದು. ಇವೆಲ್ಲ ಅವರು ಹೇಳಿಕೊಡಬೇಕಾದ ಮಾತುಗಳು.

ಇನ್ನೊಂದು ಮಾತೂ ಉಂಟು. ಮಗುವಿಗೆ ಸಿಹಿ ತಿನ್ನಿಸಿ ಕೆಡಿಸಿದೆನೆಂದು ತಾಯಿ ಕೊರಗುತ್ತಾಳೆ. ಈ ಬೇನೆ ಸಿಹಿಯಿಂದ ಬಂದುದಲ್ಲ; ದೇಹದ ರಕ್ಷಣಾಶಕ್ತಿಯೇ ತಪ್ಪಿ ಇನ್ಸುಲಿನ್ ಮಾಡುವ ಕಣಗಳನ್ನು ಕೊಲ್ಲುವುದರಿಂದ ಬಂದುದು. ಹರಕೆಯನ್ನು ನಂಬಿ ಸೂಜಿ ಬಿಟ್ಟರೆ ಕೆಲವೇ ದಿನಗಳಲ್ಲಿ ಮಗುವಿನ ಪ್ರಾಣಕ್ಕೇ ಸಂಚಕಾರ. ಹರಕೆ ಹೊರಲಿ, ಸೂಜಿ ಮಾತ್ರ ತಪ್ಪದಿರಲಿ.

ಟೊರಾಂಟೋ ಕೊಟ್ಟ ಮದ್ದು ಮಗುವಿನ ಮೈ ಸೇರುವುದು ತಾಯಿಯ ಕೈಯಿಂದ. ಆ ಕೈಯ ನಡುಕ ಬಿಡಿಸುವವರು ದಾದಿ.