ಅಡಿಕೆ ಕೃಷಿಕರ ದಾರಿದೀಪ ವಾರಣಾಶಿ ಸುಬ್ರಾಯ ಭಟ್ಟರು

ಫಲತಾಂಬೂಲವಿಲ್ಲದೆ ನಮ್ಮಲ್ಲಿ ಯಾವ ಶುಭಕಾರ್ಯವೂ ಆರಂಭವಾಗುವುದಿಲ್ಲ. ಹಿಂಗಾರವಿಲ್ಲದೆ ನಾಗನಿಗೆ ತಂಬಿಲವಿಲ್ಲ. ಪೆರ್ಲ ಪರಿಸರದ ಎಷ್ಟೋ ಮನೆಗಳ ಅನ್ನವೂ ಅದೇ ಅಡಿಕೆಯದು. ಆ ಬೆಳೆಗೆ ನ್ಯಾಯವಾದ ಬೆಲೆ ದೊರಕಿಸಲು ಶ್ರಮಿಸಿದ ಹಿರಿಯರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಅಗ್ರಗಣ್ಯರು. ಪೆರ್ಲದಿಂದ ವಿಟ್ಲದ ಹಾದಿಯಲ್ಲಿ ಗಡಿ ದಾಟಿದರೆ ಸಿಗುವ ಅಡ್ಯನಡ್ಕ ಅವರ ಊರು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ಗಡಿಯ ಎರಡೂ ಕಡೆ ಕೃಷಿ ಒಂದೇ, ಕಷ್ಟವೂ ಒಂದೇ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿ, ಕೊಯ್ದ ಅಡಿಕೆಯನ್ನು ಅಂಗಳದಲ್ಲಿ ಸುಮಾರು ಒಂದೂವರೆ ತಿಂಗಳು ಒಣಗಿಸಿ, ಸುಲಿದು ಚಾಲಿ ಮಾಡುವ ತನಕದ ಶ್ರಮವೆಲ್ಲ ಕೃಷಿಕನದು. ದರ ಹೇಳುವ ಅಧಿಕಾರ ಮಾತ್ರ ವ್ಯಾಪಾರಿಯದು. 1970ರ ದಶಕದ ಆರಂಭದಲ್ಲಿ ಧಾರಣೆ ಕುಸಿದಾಗ ಬೆಳೆಗಾರರು ಕಂಗೆಟ್ಟರು.

ಬೆಳೆಗಾರರದೇ ಸಂಸ್ಥೆಯೊಂದು ಖರೀದಿಗೆ ಇಳಿಯದೆ ಇದಕ್ಕೆ ಪರಿಹಾರವಿರಲಿಲ್ಲ. 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಸ್ಥಾಪನೆಯಾಯಿತು. ಸುಬ್ರಾಯ ಭಟ್ಟರು ಅದರ ಸ್ಥಾಪಕಾಧ್ಯಕ್ಷರಾದರು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಅದರ ಸದಸ್ಯರಾದರು. ಸಂಸ್ಥೆ ದರ ನಿಗದಿಪಡಿಸಿ ಖರೀದಿಸತೊಡಗಿದ ಮೇಲೆ ವ್ಯಾಪಾರಿಗಳೂ ಆ ದರವನ್ನು ಗಮನಿಸಲೇಬೇಕಾಯಿತು. ಕ್ಯಾಂಪ್ಕೊಗೆ ಅಡಿಕೆ ಕೊಡದ ಕೃಷಿಕನಿಗೂ ಇದರಿಂದ ಪ್ರಯೋಜನವಾಯಿತು.

ಅಷ್ಟರಲ್ಲಿ ಇನ್ನೊಂದು ಪರೀಕ್ಷೆ ಎದುರಾಯಿತು. ಅಡಿಕೆ ತೋಟಗಳ ನೆರಳಿನಲ್ಲಿ ಬೆಳೆಸಿದ್ದ ಕೊಕ್ಕೊಗೆ 1980ರ ಸುಮಾರಿಗೆ ಬೆಲೆಯೂ ಇಲ್ಲ, ಕೊಳ್ಳುವವರೂ ಇಲ್ಲ ಎಂಬ ಸ್ಥಿತಿ ಬಂತು. ಚಾಲಿ ಅಡಿಕೆಯನ್ನು ಒಳ್ಳೆಯ ದರ ಬರುವ ತನಕ ದಾಸ್ತಾನಿಡಬಹುದು. ಕೊಕ್ಕೊದ ಹಸಿಬೀಜ ಕಾಯುವುದಿಲ್ಲ, ಕೂಡಲೇ ಹುಳಿಬರಿಸಿ ಒಣಗಿಸದಿದ್ದರೆ ಹಾಳಾಗುತ್ತದೆ. ಹಲವರು ಬೇಸತ್ತು ಗಿಡಗಳನ್ನೇ ಕಡಿದರು. ಆಗ ಕ್ಯಾಂಪ್ಕೊ ಕೊಕ್ಕೊ ಖರೀದಿಗೂ ಮುಂದಾಯಿತು. ಖರೀದಿಸಿದ್ದನ್ನು ಬಳಸಲು ಸ್ವಂತ ಕಾರ್ಖಾನೆ ಬೇಕಾಯಿತು. ಪುತ್ತೂರಿನ ಕೆಮ್ಮಿಂಜೆಯಲ್ಲಿ ತಲೆಯೆತ್ತಿದ ಚಾಕಲೇಟು ಕಾರ್ಖಾನೆಯನ್ನು 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಉದ್ಘಾಟಿಸಿದರು. ತೋಟದ ಬೆಳೆ ಕೃಷಿಕರದೇ ಕೈಗಾರಿಕೆಯಲ್ಲಿ ಸಿಹಿಯಾಗಿ ಹೊರಬಂತು.

ಹತ್ತು ಸಮಸ್ತರು ಸೇರಿದರೆ ಮಾತ್ರ ದೇವರ ಉತ್ಸವ ಸಾಂಗವಾಗುತ್ತದೆ. ಕೃಷಿಕನ ಬಾಳಿಗೂ ಅದೇ ನಿಯಮವೆಂಬುದನ್ನು ಸುಬ್ರಾಯ ಭಟ್ಟರು ಮುನ್ನಡೆಸಿದ ಕಾರ್ಯ ತೋರಿಸಿಕೊಟ್ಟಿತು. ಒಬ್ಬೊಬ್ಬರಾಗಿ ಮಾರುಕಟ್ಟೆಗೆ ಹೋದವರು ಹೇಳಿದ ದರಕ್ಕೆ ಕೊಟ್ಟು ಬಂದರು, ಒಂದಾಗಿ ನಿಂತಾಗ ದರ ಹೇಳುವವರಾದರು. ಆ ಒಗ್ಗಟ್ಟನ್ನು ಉಳಿಸಿಕೊಳ್ಳುವುದೇ ಹಿರಿಯರಿಗೆ ನಾವು ಸಲ್ಲಿಸಬಹುದಾದ ಗೌರವ.